ಮಾಳಿಗೆಯ ಮೇಲಿನ ಶಕ್ತಿಮಾನ್

ದೂರದರ್ಶನದಲ್ಲಿ 1997ರಿಂದ 2005ರವರೆಗೆ ನಡೆದ 'ಶಕ್ತಿಮಾನ್' ಧಾರಾವಾಹಿ ತಿಳಿಯಲು ಬೀದರ ಜಿಲ್ಲೆಯ ಮಕ್ಕಳಿಗೆ ಯಾರ ಸಹಾಯವೂ ಬೇಕಿರಲಿಲ್ಲ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಉರ್ದು, ಭಾಲ್ಕಿ, ಔರಾದ ಕಡೆ ಮರಾಠಿ ಕೇಳಿ ಬೆಳೆದ ಕಿವಿಗೆ ಹಿಂದಿ ಹೊಸದಲ್ಲ. ಆ ಹೊತ್ತಿಗೆ ಕರೆಂಟು ಹೋದರೆ ಮಾತ್ರ ಔರಾದದ ಮನೆಗಳಲ್ಲಿ ಅಳುವೋ ಅಳು!

ಕೈ ಮೇಲೆತ್ತಿ ಗಿರಗಿರ ತಿರುಗುವುದು ಎಲ್ಲರ ಆಟ. ಭಾಲ್ಕಿಯ ಒಬ್ಬ ಹುಡುಗನಿಗೆ ಅದು ಸಾಲದಾಯಿತು. ಮಾಳಿಗೆಯ ಅಂಚಿಗೆ ಹೋಗಿ ನಿಂತ. ಕೆಳಗೆ ಜೋಳ ಹಸನು ಮಾಡುತ್ತಿದ್ದ ತಾಯಿ ಚೀರಿದಳು.

"ಬಿದ್ದರ ಶಕ್ತಿಮಾನ್ ಬಂದು ಹಿಡೀತಾನವ್ವಾ!"

ನೆರೆಮನೆಯ ಕಾಕಾ ಹಿಂದಿನಿಂದ ಬಂದು ತೋಳು ಹಿಡಿದರು.

ದೇಶದ ಅಲ್ಲಲ್ಲಿ ಇಂಥ ಅವಘಡಗಳ ಸುದ್ದಿ ಬಂದಾಗ ನಟ ಮುಖೇಶ್ ಖನ್ನಾ ತಾವೇ ತೆರೆಗೆ ಬಂದು, ಹೀಗೆ ಮಾಡಬೇಡಿರೆಂದು ಮಕ್ಕಳಿಗೆ ಹೇಳಿದರು. ಕೊನೆಯ 'ಸಾರಿ ಶಕ್ತಿಮಾನ್' ಭಾಗ ನೋಡಿ ನಗುತ್ತಿದ್ದ ಹುಡುಗ ಅಂದು ನಗಲಿಲ್ಲ. ಬೇಡವೆಂದರೇ ಹೊರತು, ಏಕೆಂದು ಅವನಿಗೆ ತಿಳಿಯಲಿಲ್ಲ. ದೊಡ್ಡವರ ಬುದ್ಧಿಮಾತುಗಳ ಗತಿ ಬಹುತೇಕ ಇದೇ.

ಬೀದರಿನ ಹಾಸ್ಟೆಲಿನಿಂದ ರಜೆಗೆ ಬಂದಿದ್ದ ಅಕ್ಕ ಮಾಳಿಗೆಯಿಂದ ಒಂದು ಹರಳು ಬಿಟ್ಟು ತೋರಿಸಿದಳು. ಐದು ಮೀಟರ್ ಎತ್ತರದಿಂದ ಬಿದ್ದರೆ ನೆಲ ಮುಟ್ಟಲು ಒಂದೇ ಸೆಕೆಂಡು. ಆಗಿನ ವೇಗ ಗಂಟೆಗೆ ಸುಮಾರು 36 ಕಿಲೋಮೀಟರ್, ಅಂದರೆ ಔರಾದದ ಬಸ್ಸಿನ ವೇಗ! ಎಷ್ಟು ತಿರುಗಿದರೂ ಭೂಮಿಯ ಸೆಳೆತ ಕಡಿಮೆಯಾಗದು.

"ಶಕ್ತಿಮಾನ್ ಇರೂದು ಮುಂಬೈದಾಗ. ಒಂದು ಸೆಕೆಂಡಿನಾಗ ಭಾಲ್ಕಿಗಿ ಬರಲಾಕ ಆಗ್ತದೇನು?"

ಹುಡುಗ ಬೆರಳು ಮಡಚಿ ಎಣಿಸಿದ. ಬಳಿಕ ಇನ್ನೊಂದು ಹರಳು ಹುಡುಕತೊಡಗಿದ.