ಹಳೆಯ ಬಂಡಿಯ ಜೀರ್ಣೋದ್ಧಾರ

ಜೀರ್ಣವಾದ ದೇವಾಲಯವನ್ನು ಉದ್ಧರಿಸುವವನಿಗೆ ಎರಡು ಭಯಗಳುಂಟು. ಹಳೆಯದೆಲ್ಲವನ್ನೂ ಉಳಿಸಹೋದರೆ ಕಟ್ಟಡವು ನಿಲ್ಲದು. ಎಲ್ಲವನ್ನೂ ಹೊಸದಾಗಿಸಿದರೆ ದೇವಾಲಯವೇ ಬೇರೆಯಾಗುವುದು. ಹಳೆಯ ಮೋಟಾರುಬಂಡಿಯ ಇಂಜಿನನ್ನು ಬಿಚ್ಚಿ ಕಟ್ಟುವವನ ಪಾಡೂ ಇದೇ.

ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ಹಣ್ಣಿನ ತೋಟದ ಒಕ್ಕಲಿಗನೊಬ್ಬನ ಬಳಿ 1973ರ ಡಾಟ್ಸನ್ 620 ಎಂಬ ಸಣ್ಣ ಪಿಕಪ್ ಬಂಡಿಯಿತ್ತು. ಅದು ಎಣ್ಣೆ ಕುಡಿದು ಹೊಗೆ ಕಾರಲಾರಂಭಿಸಿದಾಗ ಅವನು ಮಗನಿಗೆ ಎರಡು ಬಾರಿ ಹೇಳಿದ್ದನು. ‘ಮುಂದಿನ ತಿಂಗಳು ನೋಡೋಣ’ ಎಂದು ಮಗನು ಎರಡು ಬಾರಿಯೂ ಉತ್ತರವಿತ್ತನು. ಮೂರನೆಯ ಬಾರಿ ಹೇಳುವುದಕ್ಕೆ ತಂದೆಯು ಉಳಿಯಲಿಲ್ಲ.

ವರ್ಷ ಕಳೆದ ಮೇಲೆ ಮಗನು ಆ ಕೆಲಸಕ್ಕೆ ಕೈಯಿಟ್ಟನು. ಪಶ್ಚಾತ್ತಾಪವುಳ್ಳವನು ದಾನಶೂರನಾಗುವುದು ಲೋಕಸ್ವಭಾವ. ತಂದೆಯ ಬಂಡಿಗೆ ಶ್ರೇಷ್ಠವಾದುದೇ ಆಗಬೇಕೆಂದು ಅವನು ಉದ್ದನೆಯ ಪಟ್ಟಿಯೊಂದನ್ನು ಬರೆದನು. ಬಂಡಿಯಲ್ಲಿದ್ದುದು ಎಲ್16 ಎಂಬ 1595 ಘನ ಸೆಂಟಿಮೀಟರಿನ ಇಂಜಿನು. ಅದರ ಬದಲಿಗೆ ಅದೇ ವಂಶದ 1952 ಘನ ಸೆಂಟಿಮೀಟರಿನ ಎಲ್20ಬಿ. ಅದಕ್ಕೆ ವಾಲ್ವುಗಳನ್ನು ಹೆಚ್ಚು ಎತ್ತುವ ಕ್ಯಾಂ ದಂಡ, ಒತ್ತಡವನ್ನು ಏರಿಸುವ ಪಿಸ್ಟನ್ನುಗಳು, ಜೋಡಿ ಕಾರ್ಬ್ಯುರೇಟರು.

ಪಟ್ಟಿಯನ್ನು ಹಿಡಿದು ಊರಿನ ವೃದ್ಧ ಯಂತ್ರಶಿಲ್ಪಿಯ ಕಾರ್ಖಾನೆಗೆ ಹೋದನು. ವೃದ್ಧನು ಓದಿ, “ಈ ಬಂಡಿ ಇನ್ನು ಏನನ್ನು ಹೊರಬೇಕು?” ಎಂದು ಕೇಳಿದನು.

“ನಾಲ್ಕು ಪೆಟ್ಟಿಗೆ ಹಣ್ಣು, ವಾರಕ್ಕೊಮ್ಮೆ ಪೇಟೆಗೆ ನನ್ನ ತಾಯಿ.”

“ಹಾಗಾದರೆ ಈ ಪಟ್ಟಿ ಯಾರಿಗೆ?”

ಮಗನಲ್ಲಿ ಉತ್ತರವಿರಲಿಲ್ಲ.

ಸಮಾಸದಲ್ಲಿ ಸೇರುವ ಪದಗಳಿಗೆ ಪರಸ್ಪರ ಸಾಮರ್ಥ್ಯವಿರಬೇಕೆಂದು ವೈಯಾಕರಣರು ವಿಧಿಸುವರು. ಯಂತ್ರದ ಅಂಗಗಳಿಗೂ ಈ ವಿಧಿಯು ತಪ್ಪಿದ್ದಲ್ಲ. ಎಲ್20ಬಿಯ ದೇಹವು ಎಲ್16ಕ್ಕಿಂತ ಸುಮಾರು 20 ಮಿಲಿಮೀಟರು ಎತ್ತರ. ಆದುದರಿಂದ ಅದಕ್ಕೆ ಉದ್ದನೆಯ ಸರಪಳಿಯೂ ಎತ್ತರದ ಮುಂಗವಚವೂ ಬೇಕು. ಹೆಚ್ಚು ಎತ್ತುವ ಕ್ಯಾಂ ದಂಡವು ವೇಗದಲ್ಲಿ ಕೊಡುವ ಬಲವನ್ನು ನಿಧಾನಗತಿಯಲ್ಲಿ ಕಸಿದುಕೊಳ್ಳುವುದು; ತೋಟದ ದಾರಿಯಲ್ಲಿ ಬೇಕಾದುದು ನಿಧಾನಗತಿಯ ಎಳೆತವೇ. ಒತ್ತಡವು ಮಿತಿಮೀರಿದರೆ ಸಾಮಾನ್ಯ ಪೆಟ್ರೋಲು ಹೊತ್ತಿಗೆ ಮೊದಲೇ ಸಿಡಿದು ಪಿಸ್ಟನ್ನನ್ನೇ ಬಡಿಯುವುದು. ಒಂದೊಂದೂ ಉತ್ತಮ ವಸ್ತುವೇ, ಕೂಡಿದಾಗ ವಾಕ್ಯವಾಗದು.

ಇಬ್ಬರೂ ಹಳೆಯ ಇಂಜಿನನ್ನು ಬಿಚ್ಚಿ ಅಳೆದರು. ಸಿಲಿಂಡರುಗಳು ಮೇಲ್ಭಾಗದಲ್ಲಿ ಹೆಚ್ಚಾಗಿ ಸವೆದಿದ್ದವು. ಆದರೆ ದೇಹದಲ್ಲಿ ಬಿರುಕಿರಲಿಲ್ಲ. 83 ಮಿಲಿಮೀಟರಿನ ವ್ಯಾಸವನ್ನು 84ಕ್ಕೆ ಕೊರೆಯಬಹುದೆಂದು ನಿಶ್ಚಯವಾಯಿತು. ಮೊದಲು ಪಿಸ್ಟನ್ನುಗಳನ್ನು ತರಿಸಿ, ಒಂದೊಂದನ್ನೂ ಅಳೆದು, ಅದರ ಅಳತೆಗೆ ತಕ್ಕಂತೆ ಅದರ ಮನೆಯನ್ನು ಕೊರೆದರು. ಕ್ರ್ಯಾಂಕು ದಂಡವನ್ನು 0.25 ಮಿಲಿಮೀಟರು ಅರೆದು, ಅಷ್ಟಕ್ಕೆ ಹೊಂದುವ ದಪ್ಪನೆಯ ಬೇರಿಂಗುಗಳನ್ನಿಟ್ಟರು. ಕ್ಯಾಂ ದಂಡವು ಚೆನ್ನಾಗಿದ್ದುದರಿಂದ ಹಳೆಯದೇ ಉಳಿಯಿತು. ಅದರ ರಾಕರುಗಳನ್ನು ಕ್ರಮ ತಪ್ಪದಂತೆ, ಯಾವುದು ಎಲ್ಲಿ ಸವೆದಿತ್ತೋ ಅಲ್ಲಿಯೇ ಕೂರಿಸಿದರು. ಜೊತೆಯಾಗಿ ಸವೆದವುಗಳನ್ನು ಅಗಲಿಸಬಾರದೆಂಬುದು ವೃದ್ಧನ ಮತ.

ಹಣವು ಧಾರಾಳವಾಗಿ ವ್ಯಯವಾದುದು ಕಣ್ಣಿಗೆ ಕಾಣದ ಕಡೆಯಲ್ಲಿ. 1996ರ ಜನವರಿ 1ರಿಂದ ಅಮೆರಿಕದ ರಸ್ತೆವಾಹನಗಳಿಗೆ ಸೀಸ ಬೆರೆಸಿದ ಪೆಟ್ರೋಲು ನಿಷಿದ್ಧ. ಸೀಸದ ರಕ್ಷಣೆಯಿಲ್ಲದೆ ಮೆದುವಾದ ವಾಲ್ವುಪೀಠಗಳು ತಗ್ಗಿಹೋಗುವುದರಿಂದ ಗಟ್ಟಿಯಾದ ಹೊಸ ಪೀಠಗಳನ್ನು ಹಾಕಿಸಿದರು. ಸರಪಳಿ, ಎಣ್ಣೆಯ ಪಂಪು, ನೀರಿನ ಪಂಪು ಇವೂ ಹೊಸವಾದವು. ಇಂಜಿನು ಈಗ ಸುಮಾರು 1634 ಘನ ಸೆಂಟಿಮೀಟರು, ಬೆಳೆದದ್ದು ಅಷ್ಟೇ.

ಬಂಡಿಯು ಅಂಗಳಕ್ಕೆ ಬಂದ ದಿನ ತಾಯಿಯು ಅಡಿಗೆಮನೆಯಿಂದ ಹೊರಗೆ ಬಂದಳು. ಯಾರೂ ಕರೆದಿರಲಿಲ್ಲ. ಹತ್ತಿ ಕುಳಿತು, ಸ್ವಲ್ಪ ದೂರ ಹೋದ ಮೇಲೆ, “ಹೊಗೆ ಇಲ್ಲ” ಎಂದಳು. ಆಮೇಲೆ, “ಅವರು ಇದ್ದಾಗಲೇ ಮಾಡಬಹುದಾಗಿತ್ತು” ಎಂದಳು.

ಮಗನು “ಹೌದು” ಎಂದನು. ಆ ಒಂದು ಸವೆತಕ್ಕೆ ಸರಿಹೊಂದುವ ಅಂಗವು ಯಾವ ಅಂಗಡಿಯಲ್ಲಿಯೂ ದೊರೆಯದು. ಆದರೂ ವಾರಕ್ಕೊಮ್ಮೆ ಪೇಟೆಗೆ ಹೋಗುವ ಕೆಲಸವನ್ನು ಅವನು ಮುಂದಿನ ತಿಂಗಳಿಗೆ ಇಡುವುದಿಲ್ಲ.