ಕರಗಿಸುವ ಕಸುಬು

ಗುಂಡು ತಳದ ಗಾಜಿನ ಪಾತ್ರೆಯಲ್ಲಿ 900 ಮಿಲಿಲೀಟರ್ ದ್ರವ. ಬಿಸಿ ಮೈಕಾವಿನಷ್ಟೇ, 37 ಡಿಗ್ರಿ. ಮೇಲಿಂದ ಇಳಿಬಿಟ್ಟ ಪ್ಯಾಡಲ್ ನಿಮಿಷಕ್ಕೆ 50 ಸುತ್ತು ತಿರುಗುತ್ತಿರುತ್ತದೆ. ಮಾತ್ರೆ ಬಿದ್ದ ಗಳಿಗೆಯಿಂದ ಲೆಕ್ಕ ಶುರು. ಅಂಚು ಸಡಿಲವಾಗುತ್ತದೆ, ಮಾತ್ರೆ ಉಬ್ಬಿ ಒಡೆಯುತ್ತದೆ, ಪುಡಿ ಪ್ಯಾಡಲಿನ ಕೆಳಗೆ ಸಣ್ಣ ಗುಡ್ಡೆಯಾಗಿ ಕೂರುತ್ತದೆ. ನೋಡುವವರಿಗೆ ಕೆಲಸ ಮುಗಿದಂತೆ ಕಾಣುತ್ತದೆ. ಔಷಧವನ್ನು ಮಾತ್ರೆ, ಕ್ಯಾಪ್ಸೂಲುಗಳ ರೂಪಕ್ಕೆ ತರುವ ಫಾರ್ಮುಲೇಶನ್ ವಿಜ್ಞಾನಿಗೆ ಆಟ ಶುರುವಾಗುವುದೇ ಇಲ್ಲಿ. ಒಡೆಯುವುದು ಬೇರೆ, ಕರಗುವುದು ಬೇರೆ. ಕರಗದ ಔಷಧ ಎಷ್ಟೇ ಗುಣವಂತವಾಗಿರಲಿ, ಕರುಳಿನ ಗೋಡೆ ದಾಟಿ ರಕ್ತ ಸೇರಲಾರದೆ, ಬಂದ ದಾರಿಗೆ ಸುಂಕವಿಲ್ಲವೆಂದು ಹೊರಟುಹೋಗುತ್ತದೆ.

ಈ ಕಸುಬಿನ ಮೂಲ ಲೆಕ್ಕ 1897ರದು. ಅಮೆರಿಕದ ಎಂಐಟಿಯಲ್ಲಿ ಆರ್ಥರ್ ನಾಯ್ಸ್ ಮತ್ತು ವಿಲ್ಲಿಸ್ ವಿಟ್ನಿ ಬೆಂಜೋಯಿಕ್ ಆಮ್ಲವನ್ನೂ ಸೀಸದ ಕ್ಲೋರೈಡನ್ನೂ ನೀರಿನಲ್ಲಿ ಕರಗಿಸಿ, ಕರಗುವ ವೇಗಕ್ಕೊಂದು ಸಮೀಕರಣ ಬರೆದರು. ಕಣದ ಮೇಲ್ಮೈ ಹೆಚ್ಚಿದಷ್ಟೂ ವೇಗ ಹೆಚ್ಚೆಂಬ ಲೆಕ್ಕ ಆಮೇಲೆ ಅದಕ್ಕೆ ಸೇರಿತು.

ಗಜಕರ್ಣಕ್ಕೆ ಕೊಡುವ ಗ್ರೀಸಿಯೋಫುಲ್ವಿನ್ ಈ ಲೆಕ್ಕಕ್ಕೆ ಒಳ್ಳೆಯ ಸಾಕ್ಷಿ. ನೀರೆಂದರೆ ಮುಖ ತಿರುಗಿಸುವ ಈ ಔಷಧವನ್ನು ಇನ್ನೂ ನುಣ್ಣಗೆ ಅರೆದಾಗ ಸುಮಾರು ಅರ್ಧ ಪ್ರಮಾಣವೇ ಸಾಕಾಯಿತು. ಜಿಡ್ಡಿನ ಊಟದ ಜೊತೆ ನುಂಗಿದರೆ ಇನ್ನೂ ಚೆನ್ನ. ಕೊಬ್ಬನ್ನು ಅರಗಿಸಲು ಬರುವ ಪಿತ್ತರಸ ಔಷಧವನ್ನೂ ಕರಗಿಸಿಬಿಡುತ್ತದೆ. ತುಪ್ಪ ಹಾಕಿಕೊಂಡು ಉಣ್ಣಿ ಎಂದು ಡಾಕ್ಟರೇ ಹೇಳಬಹುದಾದ ಅಪರೂಪದ ಸಂದರ್ಭ.

ಆದರೆ ಈ ಲೋಕದ ಪತ್ತೇದಾರಿ ಕತೆಯೆಂದರೆ ರಿಟೋನಾವಿರ್‌ನದೇ.

ಎಚ್‌ಐವಿ ವಿರುದ್ಧದ ಈ ಔಷಧವನ್ನು ಅಬಾಟ್ ಕಂಪನಿ 1996ರಲ್ಲಿ ಮಾರುಕಟ್ಟೆಗೆ ತಂದಿತು. ಪುಡಿಯಾಗಿ ಕೊಟ್ಟರೆ ಮೈಗೆ ಹತ್ತದೆಂದು ಆಲ್ಕೋಹಾಲ್ ಬೆರೆಸಿದ ನೀರಿನಲ್ಲಿ ಕರಗಿಸಿ ಕ್ಯಾಪ್ಸೂಲ್‌ಗೆ ತುಂಬಿದ್ದರು. ಆಗ ಗೊತ್ತಿದ್ದದ್ದು ಅದರ ಒಂದೇ ಹರಳುರೂಪ; ಆ ಲೆಕ್ಕದಲ್ಲಿ ಎಲ್ಲವೂ ಸರಿಯಿತ್ತು. 1998ರಲ್ಲಿ ಕೆಲವು ಬ್ಯಾಚುಗಳು ಕರಗುವ ಪರೀಕ್ಷೆಯಲ್ಲೇ ನಪಾಸಾದವು. ಕ್ಯಾಪ್ಸೂಲ್ ಬಿಚ್ಚಿ ನೋಡಿದರೆ ಒಳಗೆ ಯಾರೂ ಕಂಡರಿಯದ ಹರಳು! ಅಣು ಅದೇ, ಒಂದು ಪರಮಾಣುವೂ ಆಚೀಚೆಯಾಗಿಲ್ಲ. ಅಣುಗಳು ಮೈ ತಿರುಚಿಕೊಂಡು, ಹೈಡ್ರೋಜನ್ ಬಂಧಗಳಲ್ಲಿ ಒಂದನ್ನೊಂದು ಬೇರೆ ಬಗೆಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದವು, ಅಷ್ಟೇ. ಅಷ್ಟಕ್ಕೇ ಕರಗುವ ಗುಣ ಪಾತಾಳಕ್ಕಿಳಿದಿತ್ತು.

ಇದರ ಕಾಟ ಹೆಪ್ಪಿನಂಥದು, ಕಣ್ಣಿಗೆ ಕಾಣದ ಒಂದು ಚೂರು ಬಿದ್ದರೂ ಸಾಕು. ಹೊಸ ಹರಳಿನ ಜೊತೆ ಒಡನಾಡಿದ ತಂಡದವರು ಇಟಲಿಯ ಕಾರ್ಖಾನೆಗೆ ಹೋಗಿಬಂದ ಮೇಲೆ ಅಲ್ಲಿಯೂ ಅದು ಕಾಣಿಸಿಕೊಂಡಿತು. ಬಟ್ಟೆಗೋ ಕೂದಲಿಗೋ ಅಂಟಿಕೊಂಡು ಹೋಗಿರಬಹುದೇ ಎಂದು ಅನುಮಾನಪಡುವಂತಾಯಿತು. ಕ್ಯಾಪ್ಸೂಲನ್ನು ಹಿಂದಕ್ಕೆ ಕರೆಸಿಕೊಳ್ಳದೆ ದಾರಿಯಿರಲಿಲ್ಲ. ಆಮೇಲೆ ರೋಗಿಗಳಿಗೆ ಸಿಕ್ಕಿದ್ದು ಬಾಯಿಗಿಡಲಾಗದಷ್ಟು ಕೆಟ್ಟ ರುಚಿಯ ದ್ರವ. 1999ರಲ್ಲಿ ಬಂದ ಹೊಸ ಕ್ಯಾಪ್ಸೂಲನ್ನು ಫ್ರಿಜ್‌ನಲ್ಲಿ ಇಡಬೇಕಿತ್ತು; ಫ್ರಿಜ್ ಇಲ್ಲದ ಮನೆಯವರು ಏನು ಮಾಡಬೇಕು?

ಕೊನೆಗೆ ಫಾರ್ಮುಲೇಶನ್‌ನವರು ಹಿಡಿದ ದಾರಿ ಸೊಗಸಾದದ್ದು: ಹರಳಾಗಲು ಬಿಟ್ಟರೆ ತಾನೇ ತಂಟೆ? ಔಷಧವನ್ನೂ ನೀರಿನಲ್ಲಿ ಕರಗುವ ಪಾಲಿಮರನ್ನೂ ಒಟ್ಟಿಗೆ ಕಾಯಿಸಿ, ತಿರುಗುವ ಸ್ಕ್ರೂಗಳ ನಡುವೆ ನಾದಿ ಹೊರಕ್ಕೆ ತಳ್ಳುತ್ತಾರೆ. ತಣ್ಣಗಾದಾಗ ಅದು ಗಾಜಿನಂಥ ಗಟ್ಟಿ. ಔಷಧದ ಅಣುಗಳು ಪಾಲಿಮರಿನ ನಡುವೆ ಚದುರಿ ಸಿಕ್ಕಿಕೊಂಡಿರುವುದರಿಂದ ಸಾಲುಗಟ್ಟಿ ಹರಳಾಗುವುದು ಸುಲಭವಲ್ಲ. ಹೊಟ್ಟೆಯಲ್ಲಿ ಪಾಲಿಮರ್ ಕರಗಿದಂತೆ ಅವೂ ಬಿಡುಗಡೆಯಾಗುತ್ತವೆ. ಹೀಗೆ ಲೋಪಿನಾವಿರ್ ಜೊತೆ ಸೇರಿಸಿದ ಮಾತ್ರೆ 2005ರಲ್ಲಿ ಬಂತು, ಫ್ರಿಜ್‌ನ ಹಂಗಿಲ್ಲದೆ. ರಿಟೋನಾವಿರ್ ಒಂದರದೇ ಮಾತ್ರೆ ಬಂದದ್ದು 2010ರಲ್ಲಿ.

ಆ ಪೆಟ್ಟಿನ ನಂತರ ಹರಳುಬೇಟೆಯೇ ಒಂದು ವಿದ್ಯೆಯಾಗಿ ಬೆಳೆಯಿತು. ಹೊಸ ಅಣು ಕೈಗೆ ಬಂದರೆ ಬಗೆಬಗೆಯ ದ್ರಾವಕಗಳಲ್ಲಿ ಕರಗಿಸಿ, ಕಾಯಿಸಿ, ಆರಿಸಿ, ಅರೆದು, ಅದು ಎಷ್ಟು ವೇಷ ಹಾಕಬಲ್ಲುದೆಂದು ಮೊದಲೇ ಹುಡುಕುತ್ತಾರೆ. ಕಿಲಾಡಿ ಹುಡುಗನನ್ನು ಮೆಚ್ಚುವ ಮೇಷ್ಟ್ರ ಧಾಟಿಯಲ್ಲೇ ಅವರು ಈ ಹರಳುಗಳ ಬಗ್ಗೆ ಮಾತಾಡುವುದು. ಇಷ್ಟೆಲ್ಲ ಜಾಲಾಡಿದ ರಿಟೋನಾವಿರ್‌ನ ಮೂರನೆಯ ಹರಳುರೂಪ ಪ್ರಕಟವಾದದ್ದು ಎರಡನೆಯದು ಸಿಕ್ಕ 24 ವರ್ಷಗಳ ಮೇಲೆ. ಅದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ, ಎರಡು ತಂಡಗಳ ಕೈಗೆ ಬೇರೆಬೇರೆಯಾಗಿ ಸಿಕ್ಕಿತ್ತು.