ಕೆಂಪು ಸೀಲು, ಹಸಿರು ಸೀಲು

ಹಗಲೆಲ್ಲ ಕಚೇರಿಯಲ್ಲಿ ಸೀಲು ಒತ್ತುವವನು ನಾನು. ರಾತ್ರಿ ಊಟವಾದ ಮೇಲೆ ಕಂಪ್ಯೂಟರ್ ಮುಂದೆ ಕೂತು ಮತ್ತೆ ಸೀಲು ಒತ್ತುತ್ತೇನೆ. "ಇದಕ್ಕೂ ಓಟಿ ಕೊಡ್ತಾರೇನ್ರೀ?" ಎಂದು ಹೆಂಡತಿ ಕೇಳುತ್ತಾಳೆ.

ಆಟದ ಹೆಸರು 'ಪೇಪರ್ಸ್, ಪ್ಲೀಸ್'. ಲೂಕಸ್ ಪೋಪ್ ಎಂಬಾತ 2013ರಲ್ಲಿ ಹೊರತಂದದ್ದು. ಕಾಲ 1982, ಜಾಗ, ಯಾವ ಭೂಪಟದಲ್ಲೂ ಇಲ್ಲದ ಆರ್ಸ್ಟೋಟ್ಸ್ಕಾ. ನಾನು ಅಲ್ಲಿ ಗಡಿಯ ಗುಮಾಸ್ತ. ಹೆಸರು, ಫೋಟೋ, ತಾರೀಖು ತಾಳೆ ನೋಡಿ, ಸರಿಯಿದ್ದರೆ ಹಸಿರು ಸೀಲು, ಇಲ್ಲದಿದ್ದರೆ ಕೆಂಪು. ಸೀಲು ಬೀಳುವ ಆ 'ಠಕ್' ಸದ್ದಿದೆಯಲ್ಲ, ಆಹಾ! ತಪ್ಪು ತಾರೀಖೊಂದು ಕಣ್ಣಿಗೆ ಬಿದ್ದರೆ ಅಕ್ಕಿಯಲ್ಲಿ ಕಲ್ಲು ಹಿಡಿದಷ್ಟು ಹಿಗ್ಗು.

ಸರಿಯಾಗಿ ನೋಡಿ ಕಳಿಸಿದರೆ ತಲೆಗೆ 5 ಕ್ರೆಡಿಟ್. ಬಾಡಿಗೆ, ಊಟ, ಚಳಿಗೆ ಬೆಂಕಿ, ಎಲ್ಲವೂ ಅದರಲ್ಲೇ. ಒಂದು ದಿನ ಒಬ್ಬ ಬಂದ, ಕಾಗದ ಸರಿಯಿತ್ತು. ಹಿಂದೆಯೇ ಬಂದ ಅವನ ಹೆಂಡತಿಯ ಬಳಿ ಪ್ರವೇಶಪತ್ರವಿರಲಿಲ್ಲ. ಅವಳನ್ನೂ ಬಿಡಿ ಎಂದು ಬೇಡಿದ್ದ. ಆ ದಿನದ ಎರಡು ಎಚ್ಚರಿಕೆ ಆಗಲೇ ಮುಗಿದಿದ್ದವು. ಮುಂದಿನ ತಪ್ಪಿಗೆ ದಂಡ. ಕೆಂಪು ಒತ್ತಿದೆ. ಅಧಿಕಾರಿಗಳಿಗೆ ಕರುಣೆಯಿಲ್ಲ ಎಂದು ಯಾರಾದರೂ ಭಾಷಣ ಮಾಡಿದ್ದರೆ ತಲೆದೂಗಿ ಮಲಗುತ್ತಿದ್ದೆ. ಆಟ ಭಾಷಣ ಮಾಡಲಿಲ್ಲ. ನನ್ನ ಕೈಯಿಂದಲೇ ಒತ್ತಿಸಿತು.

ಪರಮಪದದ ಹಳೆಯ ಪಟಗಳದ್ದೂ ಇದೇ ಉಪಾಯ. ಏಣಿಯ ಬುಡದಲ್ಲಿ ಪುಣ್ಯದ ಹೆಸರು, ಹಾವಿನ ಬಾಯಲ್ಲಿ ಪಾಪದ ಹೆಸರು. ಉಪದೇಶ ಕೇಳುವ ಗೋಜಿಲ್ಲ, ಜಾರಿದರೆ ತಿಳಿಯುತ್ತದೆ.

ಆದರೆ ಹಾವು ಎಷ್ಟು, ಏಣಿ ಎಷ್ಟು ಎಂದು ಬರೆದವನನ್ನು ಕೇಳದೆ ಬಿಡಬಾರದು. ಉರುಗ್ವೆಯ ಗೊಂಜಾಲೊ ಫ್ರಾಸ್ಕಾ 2003ರಲ್ಲಿ 'ಸೆಪ್ಟೆಂಬರ್ 12' ಎಂಬ ಪುಟ್ಟ ಆಟ ಮಾಡಿದ. ಉಗ್ರನಿಗೆಂದು ಬಿಟ್ಟ ಕ್ಷಿಪಣಿಗೆ ಪಕ್ಕದವರೂ ಸಾಯುತ್ತಾರೆ. ಅತ್ತವರು ತಾವೇ ಉಗ್ರರಾಗಿ ಏಳುತ್ತಾರೆ. ಹೌದಲ್ಲ ಎಂದು ಒಪ್ಪಿದೆ. ಮರುಗಳಿಗೆಯೇ ಜಗಳ: ಅಲ್ಲಯ್ಯಾ, ನನ್ನ ಕೈಗೆ ಕ್ಷಿಪಣಿ ಬಿಟ್ಟು ಬೇರೇನೂ ಕೊಡದವನು ನೀನೇ ತಾನೇ? ಮೊದಲು ಒಪ್ಪುವುದು, ಆಮೇಲೆ ಜಗಳ ತೆಗೆಯುವುದು. ಈ ಆಟಗಳ ರುಚಿ ಹತ್ತಿದ್ದು ಹಾಗೆ.

ಮೊನ್ನೆ ಕೌಂಟರಿಗೆ ಬಂದ ಅಜ್ಜಿಯ ಅರ್ಜಿಗೆ ಒಂದು ಜೆರಾಕ್ಸ್ ಕಮ್ಮಿಯಿತ್ತು. "ನಾಳೆ ಬನ್ನಿ" ಎನ್ನಲು ಬಾಯಿ ತೆರೆದವನು ತಡೆದೆ. ಆಟದಲ್ಲಾಗಿದ್ದರೆ ದಂಡದ ಚೀಟಿ ಬರುತ್ತಿತ್ತು. ಇಲ್ಲಿ ಬರುವುದಿಲ್ಲ ಎಂದು ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಅವತ್ತೇ ಹೊಳೆಯಿತು.